ಹತ್ತು ರೂಪಾಯಿ ನಾಣ್ಯದಷ್ಟು ಚಿಟ್ಟೆ, ಎರಡು ಸಾವಿರ ದಾಟಿದ ಲೆನ್ಸು

ಇದು ಒಣಗಿದ ಎಲೆ ಚೂರಲ್ಲ. ಇಲ್ಲೇ, ಪರದೆಯ ಎಡಗಡೆ, ಬಿದಿರೆಲೆಯ ತುದಿಗೆ ಕಂದು ಬಣ್ಣದ್ದು ಕೂತಿದೆಯಲ್ಲ, ಅದು ಚಿಟ್ಟೆ. ಸ್ವಲ್ಪ ಹೊತ್ತು ಅದನ್ನೇ ನೋಡ್ತಾ ಇರಿ. ಈಗ ಹಾರುತ್ತೆ. ಹಾರಿತು. ಎತ್ತ ಹೋಯ್ತು ಅಂತ ಕೇಳಬೇಡಿ, ವಿಡಿಯೋ ನಿಧಾನ ಮಾಡಿ ನೋಡಿದರೂ ನನಗೆ ಗೊತ್ತಾಗಲಿಲ್ಲ. ಆದರೆ ಕ್ಯಾಮೆರಾ ಅಲ್ಲೇ ಬಿಟ್ಟಿದ್ದೇನೆ, ಯಾಕೆಂದರೆ ಇದು ವಾಪಸ್ ಬರುತ್ತೆ. ಇದೇ ಎಲೆಗೆ, ಇಲ್ಲದಿದ್ದರೆ ಪಕ್ಕದ ಎಲೆಗೆ. ಅಲ್ಲಿವರೆಗೆ ಖಾಲಿ ಎಲೆ ನೋಡಿಕೊಂಡು ನನ್ನ ಮಾತು ಕೇಳಬೇಕು, ಬೇರೆ ದಾರಿ ಇಲ್ಲ.

ಜಾಗ ತೀರ್ಥಹಳ್ಳಿ ಕಡೆ, ನಮ್ಮ ಚಿಕ್ಕಮ್ಮನ ಮನೆ. ಕೆಳಗೆ ಅಡಿಕೆ ತೋಟ, ಮೇಲೆ ಸೊಪ್ಪಿನ ಬೆಟ್ಟ. ತೋಟಕ್ಕೆ ಬೇಕಾದ ಸೊಪ್ಪು ಇಲ್ಲಿಂದಲೇ ಬರೋದು, ಹಾಗಾಗಿ ಪೂರ್ತಿ ದಟ್ಟ ಕಾಡೂ ಅಲ್ಲ, ಬಯಲೂ ಅಲ್ಲ. ಮರಗಳ ಸಂದಿಯಲ್ಲಿ ಅಲ್ಲಲ್ಲಿ ಬಿಸಿಲು ಬೀಳುತ್ತೆ, ಕೆಳಗೆ ಹುಲ್ಲು, ಅಂಚಿಗೆ ಬಿದಿರು ಮೆಳೆ. ಈ ಚಿಟ್ಟೆಗೆ ಬೇಕಾಗಿರುವುದೂ ಇಷ್ಟೇ. ಹುಲಿ ಇರುವ ಕಾಡಿಗೆ ಹೋಗಬೇಕಾಗಿಲ್ಲ, ಸಫಾರಿ ಟಿಕೆಟ್ ತಗೋಬೇಕಾಗಿಲ್ಲ. ಮಳೆ ಬಿಟ್ಟು ಬಿಸಿಲು ಬಂದ ದಿನ ಬೆಳಿಗ್ಗೆ ಒಂಬತ್ತು ಹತ್ತರ ಹೊತ್ತಿಗೆ ಇಂಥ ಜಾಗದಲ್ಲಿ ಸುಮ್ನೆ ನಿಂತರೆ ಸಾಕು. ಉಂಬಳ ಹತ್ತುತ್ತವೆ, ಅದಕ್ಕೆ ನಾನೇನೂ ಮಾಡೋಕಾಗಲ್ಲ, ಸುಣ್ಣ ಹೊಗೆಸೊಪ್ಪು ಹಚ್ಚಿಕೊಂಡು ಬನ್ನಿ.

ಬಂತು! ನೋಡಿ, ಅದೇ ಎಲೆ. ಹೇಳಿದ್ದೆ ಅಲ್ವಾ?

ಇದರ ಹೆಸರು ಚೆಸ್ಟ್‌ನಟ್ ಬಾಬ್. ವಿಜ್ಞಾನದ ಹೆಸರು ಇಯಾಂಬ್ರಿಕ್ಸ್ ಸಲ್ಸಲಾ. 1860ರ ದಶಕದಲ್ಲಿ ಫ್ರೆಡ್ರಿಕ್ ಮೂರ್ ಎಂಬ ಇಂಗ್ಲಿಷ್ ಕೀಟತಜ್ಞ ಇಟ್ಟ ಹೆಸರು. ಸ್ಕಿಪ್ಪರ್ ಅನ್ನುವ ದೊಡ್ಡ ಕುಟುಂಬಕ್ಕೆ ಸೇರಿದ್ದು. ರೆಕ್ಕೆ ಬಿಚ್ಚಿದರೆ ಆ ತುದಿಯಿಂದ ಈ ತುದಿಗೆ 26ರಿಂದ 30 ಮಿಲಿಮೀಟರ್. ನಮ್ಮ ಹತ್ತು ರೂಪಾಯಿ ನಾಣ್ಯದ ಅಗಲ 27 ಮಿಲಿಮೀಟರ್, ಲೆಕ್ಕ ಹಾಕಿಕೊಳ್ಳಿ. ಅದೂ ರೆಕ್ಕೆ ಬಿಚ್ಚಿದಾಗ. ಮುಚ್ಚಿಕೊಂಡು ಕೂತರೆ ಅರ್ಧ ನಾಣ್ಯ.

ಮೊದಲೇ ಹೇಳಿಬಿಡುತ್ತೇನೆ, ಇದು ಚಂದದ ಚಿಟ್ಟೆ ಅಲ್ಲ. ಇನ್‌ಸ್ಟಾಗ್ರಾಮ್‌ಗೆ ಹಾಕಿದರೆ ನಿಮ್ಮ ಅಣ್ಣ ತಮ್ಮಂದಿರೂ ಲೈಕ್ ಒತ್ತಲ್ಲ. ಗಂಡಿನ ಮೇಲ್ಮೈ ಪೂರ್ತಿ ಕಂದು, ಅಷ್ಟೇ. ಚಿಕ್ಕಮ್ಮ ಬಂದು ನೋಡಿ, "ಎಂತದು ಮಾರಾಯ್ತಿ, ಈ ಪತಂಗ ನೋಡೋಕೆ ಬೆಂಗಳೂರಿಂದ ಬಂದ್ಯಾ?" ಅಂದರು. ಪತಂಗ ಅನ್ನಿಸೋದು ಸಹಜ. ಮೈ ದಪ್ಪ, ತಲೆ ಅಗಲ, ಕಣ್ಣು ದೊಡ್ಡದು, ರೆಕ್ಕೆ ಮೈಗೆ ಹೋಲಿಸಿದರೆ ಸಣ್ಣದು. ಬಣ್ಣವೂ ಮಂಕು. ವಿಜ್ಞಾನಿಗಳೂ ಬಹಳ ಕಾಲ ಸ್ಕಿಪ್ಪರ್‌ಗಳನ್ನು ಉಳಿದ ಚಿಟ್ಟೆಗಳಿಂದ ಬೇರೆ ಮಾಡಿ, ಒಂದು ಪ್ರತ್ಯೇಕ ಗುಂಪಿನಲ್ಲಿ ಇಟ್ಟಿದ್ದರು. ಆಮೇಲೆ ಡಿಎನ್‌ಎ ನೋಡಿದಾಗ ಇವು ಚಿಟ್ಟೆಗಳ ಒಳಗೇ ಬರುತ್ತವೆ ಅಂತಾಯಿತು.

ಈಗ ಕುಡಿಮೀಸೆ ನೋಡಿ. ಇಲ್ಲಿ ಶಾಟ್ ನಿಲ್ಲಿಸಿದ್ದೇನೆ. ಬೇರೆ ಚಿಟ್ಟೆಗಳ ಕುಡಿಮೀಸೆಯ ತುದಿ ಗುಂಡಗೆ ಉಬ್ಬಿ ಮುಗಿಯುತ್ತೆ. ಇದರದ್ದು ಉಬ್ಬಿದ ಮೇಲೆ ತುದಿ ಮತ್ತೆ ಸಣ್ಣಗಾಗಿ ಹೊರಗಡೆಗೆ ಬಾಗಿದೆ, ಕೊಕ್ಕೆ. ಬುಡ ಎರಡೂ ಒಂದಕ್ಕೊಂದು ದೂರ, ತಲೆಯ ಆ ಕಡೆ ಒಂದು, ಈ ಕಡೆ ಒಂದು. ಈ ಕೊಕ್ಕೆ ಮತ್ತು ದಪ್ಪ ಮೈ ಎರಡೂ ಕಂಡರೆ ಸ್ಕಿಪ್ಪರ್ ಅಂತ ಹೇಳಿಬಿಡಬಹುದು. ಆದರೆ ಯಾವ ಸ್ಕಿಪ್ಪರ್ ಅನ್ನೋದೇ ತಲೆನೋವು. ಜಗತ್ತಿನಲ್ಲಿ 3,500ಕ್ಕೂ ಜಾಸ್ತಿ ಜಾತಿ ಇವೆ, ಅದರಲ್ಲಿ ಎಷ್ಟೋ ಕಂದು ಬಣ್ಣದವೇ.

ಅಯ್ಯೋ, ಈ ಮಸುಕು. ಇದರ ಕಥೆ ಹೇಳಲೇಬೇಕು, ಇಲ್ಲದಿದ್ದರೆ ಕೆಳಗೆ ಎಲ್ಲರೂ "ಫೋಕಸ್ ಮಾಡಿ ಅಕ್ಕಾ" ಅಂತ ಬರೀತೀರಿ. ಇದು ಫೋಕಸ್ ತೊಂದರೆ ಅಲ್ಲ. ಫೋನಿಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸು ತರಿಸಿದ್ದೆ, ಆನ್‌ಲೈನಲ್ಲಿ, 2,199 ರೂಪಾಯಿ. ಸಾಗಣೆಗೆ ಬೇರೆ 99. ಡಬ್ಬದ ಮೇಲೆ ಏನು ಚಿತ್ರ ಗೊತ್ತಾ? ಒಂದು ಹಸಿರು ಕಪ್ಪೆ, ಅದರ ಬೆನ್ನ ಮೇಲೆ ಮಳೆಹನಿ. ಅದನ್ನು ನೋಡಿಯೇ ನಾನು ತಗೊಂಡಿದ್ದು. ಇಲ್ಲಿಗೆ ಬಂದು ಮೊದಲ ದಿನ ತೆಗೆದಾಗಲೇ ಒಳಗಿನ ಗಾಜಿಗೆ ಹಬೆ ಕಟ್ಟಿತು. ಹೊರಗಿನ ಗಾಜಾದರೆ ಸೆರಗಲ್ಲಿ ಒರೆಸಬಹುದು. ಒಳಗೆ! ಎರಡು ಗಾಜಿನ ನಡುವೆ! ಫೋನ್ ಮಾಡಿದೆ. ಸಿಗ್ನಲ್ ಬರೋದು ಮನೆ ಹಿಂದಿನ ಧರೆ ಮೇಲೆ ಮಾತ್ರ, ಅಲ್ಲಿ ಒಂದು ಕಾಲಲ್ಲಿ ನಿಂತು, ಇನ್ನೊಂದು ಕಾಲಿಂದ ಉಂಬಳ ಕೀಳುತ್ತಾ, ಭಾಷೆಗೆ ಒಂದೊತ್ತಿ, ಉತ್ಪನ್ನಕ್ಕೆ ಮೂರೊತ್ತಿ, ಹಾಡು ಕೇಳಿ, ಕೊನೆಗೆ ಒಬ್ಬ ಹುಡುಗ ಸಿಕ್ಕಿದ. ತುಂಬಾ ಮರ್ಯಾದೆಯಿಂದಲೇ ಮಾತಾಡಿದ. "ಮೇಡಂ, ತೇವಾಂಶ ಇರುವ ಕಡೆ ಬಳಸಿದರೆ ವಾರಂಟಿ ಬರಲ್ಲ" ಅಂದ. ಹಾಗಾದರೆ ಡಬ್ಬದ ಮೇಲೆ ಕಪ್ಪೆ ಯಾಕಪ್ಪಾ ಹಾಕಿದ್ದೀರಿ, ಅದು ಎಲ್ಲಿ ಕೂತಿತ್ತು, ಎಸಿ ರೂಮಲ್ಲಾ ಅಂತ ಕೇಳಿದೆ. "ಅದು ಸಾಂಕೇತಿಕ ಚಿತ್ರ ಮೇಡಂ." ಸಾಂಕೇತಿಕ ಕಪ್ಪೆ! 2,298 ರೂಪಾಯಿ ಮಾತ್ರ ಸಾಂಕೇತಿಕ ಅಲ್ಲ, ಅದು ಖಾತೆಯಿಂದ ನಿಜವಾಗಿಯೇ ಹೋಗಿದೆ.

ಚಿಕ್ಕಮ್ಮ ಅದನ್ನು ತಗೊಂಡು ಅವಲಕ್ಕಿ ಡಬ್ಬದಲ್ಲಿ ಹುಗಿದು, ಡಬ್ಬವನ್ನು ಒಲೆ ಪಕ್ಕ ಇಟ್ಟರು. ರಾತ್ರಿ ಪೂರ್ತಿ ಅಲ್ಲೇ ಇತ್ತು. ಬೆಳಿಗ್ಗೆ ಹಬೆ ಹೋಗಿತ್ತು, ನಿಜಕ್ಕೂ ಹೋಗಿತ್ತು, ಬದಲಿಗೆ ಅವಲಕ್ಕಿ ಪುಡಿ ಸೇರಿಕೊಂಡಿತ್ತು. ಮುಂದೆ ಕೆಲವು ಶಾಟ್‌ಗಳಲ್ಲಿ ಮೇಲಿನ ಮೂಲೆಯಲ್ಲಿ ಬಿಳಿ ಚುಕ್ಕಿ ಕಾಣುತ್ತೆ. ಅದು ಅವಲಕ್ಕಿ, ಚಿಟ್ಟೆಯ ಚುಕ್ಕಿ ಅಲ್ಲ. ಗುರುತಿಸುವಾಗ ಲೆಕ್ಕಕ್ಕೆ ತಗೋಬೇಡಿ.

ಚುಕ್ಕಿ ಅಂದೆನಲ್ಲ, ಅಲ್ಲಿಗೇ ಬರೋಣ. ಈಗ ರೆಕ್ಕೆ ಮುಚ್ಚಿದೆ. ಹಿಂದಿನ ರೆಕ್ಕೆಯ ಕೆಳಮೈ ನೋಡಿ. ಮೇಲಿನ ಮಂಕು ಕಂದು ಇಲ್ಲಿಲ್ಲ. ಕೆಂಪು ಬೆರೆತ ಕಂದು, ಬಿಸಿಲು ಬಿದ್ದರೆ ತುಕ್ಕಿನ ಬಣ್ಣ. ಅದರ ಮೇಲೆ ಬೆಳ್ಳಿ ಬಿಳುಪಿನ ಪುಟ್ಟ ಚುಕ್ಕಿಗಳು, ಪ್ರತಿಯೊಂದಕ್ಕೂ ಕಪ್ಪು ಅಂಚು. ಮುಂದಿನ ರೆಕ್ಕೆಯ ಕೆಳಮೈಯಲ್ಲಿ ಅರ್ಧ ಇದೇ ಕೆಂಗಂದು, ಕೆಳಗಿನ ಅರ್ಧ ಕಪ್ಪು. ಇಷ್ಟು ಕಂಡರೆ ಮುಗಿಯಿತು, ಇದೇ ಚೆಸ್ಟ್‌ನಟ್ ಬಾಬ್. ಮೇಲಿಂದ ತೆಗೆದ ಫೋಟೋ ಕಳಿಸಿ ಹೆಸರು ಕೇಳುವವರಿಗೆ ನನ್ನದೊಂದೇ ಮನವಿ: ದಯವಿಟ್ಟು ಪಕ್ಕದಿಂದ ಒಂದು ತೆಗೆಯಿರಿ. ಸ್ಕಿಪ್ಪರ್‌ಗಳ ವಿಳಾಸ ಇರೋದು ರೆಕ್ಕೆಯ ಕೆಳಗಡೆ.

ಇದರ ಜೊತೆ ಗೊಂದಲ ಆಗುವವು ಕೆಲವಿವೆ. ಪಾಮ್ ಬಾಬ್ ಅಂತ ಒಂದಿದೆ, ಹೆಸರೂ ಹತ್ತಿರ, ಗಾತ್ರವೂ ಹೆಚ್ಚುಕಡಿಮೆ. ಅದರ ಹಿಂದಿನ ರೆಕ್ಕೆಯ ಕೆಳಮೈ ಬೂದುಗಂದು, ಚುಕ್ಕಿಗಳು ಕಪ್ಪು. ಬೆಳ್ಳಿ ಚುಕ್ಕಿ ಇಲ್ಲ. ಅದರ ಹುಳು ತೆಂಗು, ಈಚಲು ಗರಿ ತಿನ್ನುತ್ತೆ, ಹಾಗಾಗಿ ಪೇಟೆಯ ತೋಟಗಳಲ್ಲೂ ಸಿಗುತ್ತೆ. ಕೂನ್ ಅಂತ ಇನ್ನೊಂದು, ಇದೇ ಕಾಡಿನ ನೆರಳಲ್ಲೇ ಇರುತ್ತೆ, ಅದು ಬರೀ ಗಾಢ ಕಂದು, ಚುಕ್ಕಿಯೇ ಇಲ್ಲ. ಬುಷ್ ಹಾಪರ್ ಹಳದಿ ಜಾಸ್ತಿ ಇರುವ ಚಿಟ್ಟೆ, ಗದ್ದೆ ಬದಿ, ಜೌಗು ಹುಲ್ಲಲ್ಲಿ. ಇನ್ನು ಸ್ವಿಫ್ಟ್‌ಗಳು. ಮುಂದಿನ ರೆಕ್ಕೆಯಲ್ಲಿ ಬೆಳಕು ಹಾಯುವ ಚುಕ್ಕಿಗಳಿರುವ ಕಂದು ಸ್ಕಿಪ್ಪರ್‌ಗಳು, ಭತ್ತದ ಗದ್ದೆ ಹತ್ತಿರ ಬೇಕಾದಷ್ಟು. ಅವುಗಳಲ್ಲಿ ಯಾವುದು ಯಾವುದು ಅಂತ ನನ್ನನ್ನು ಕೇಳಬೇಡಿ, ಅದಕ್ಕೆ ಬೇರೆಯೇ ತಾಳ್ಮೆ ಬೇಕು, ನನ್ನ ಹತ್ತಿರ ಇಲ್ಲ.

ಬಣ್ಣಕ್ಕಿಂತ ಕೂರುವ ರೀತಿ ನೋಡೋದೇ ನನಗೆ ಸುಲಭ. ಈಗ ಬಿಸಿಲು ಕಾಯಿಸಿಕೊಳ್ಳುತ್ತಿದೆ. ಹಿಂದಿನ ರೆಕ್ಕೆ ಎರಡೂ ಅಗಲವಾಗಿ ಚಾಚಿದೆ, ಮುಂದಿನವು ಮಾತ್ರ ಅರ್ಧ ಎತ್ತಿಕೊಂಡಿವೆ. ಎರಡು ಜೊತೆ ರೆಕ್ಕೆಗೆ ಎರಡು ಬೇರೆ ಕೋನ. ಹುಲ್ಲು, ಬಿದಿರು ತಿಂದು ಬೆಳೆಯುವ ಸ್ಕಿಪ್ಪರ್‌ಗಳ ಗುಂಪು ಹೀಗೆ ಕೂರುತ್ತೆ, ಬೇರೆ ಚಿಟ್ಟೆಗಳಲ್ಲಿ ಈ ಭಂಗಿ ಕಾಣಸಿಗೋದು ಕಡಿಮೆ. ಫ್ಲಾಟ್ ಅನ್ನುವ ಗುಂಪಿನವು ನಾಲ್ಕೂ ರೆಕ್ಕೆ ಎಲೆಗೆ ಅಂಟಿಸಿ ಕೂರುತ್ತವೆ. ಇಲ್ಲಿ ಒಂದು ತುಣುಕು ಹಾಕಿದ್ದೇನೆ ನೋಡಿ, ಇದು ವಾಟರ್ ಸ್ನೋ ಫ್ಲಾಟ್, ಹಿಂದಿನ ರೆಕ್ಕೆ ಬೆಳ್ಳಗೆ. ಹಾರಿ ಬಂದು ಎಲೆಯ ಅಡಿಗೆ ಹೋಗಿ ಕೂತುಬಿಟ್ಟಿತು, ಮಂಡಿಯೂರಿ ಕೆಳಗಿಂದ ತೆಗೆಯಬೇಕಾಯಿತು. ಆಲ್ ಅನ್ನುವವು ರೆಕ್ಕೆ ಮುಚ್ಚಿಕೊಂಡು ಎಲೆಯ ಅಡಿ ನೇತಾಡುತ್ತವೆ. ಹೀಗೆ ಕೂತಿದ್ದನ್ನು ನೋಡಿದರೆ ಅರ್ಧ ಕೆಲಸ ಆಯಿತು. ನೇರ ಹೇಳಬೇಕೆಂದರೆ ಸ್ನೋ ಫ್ಲಾಟ್ ಇದಕ್ಕಿಂತ ಚಂದ. ಆದರೆ ಎಲೆ ಅಡಿಯಲ್ಲಿ ಅಡಗುವವರ ಹಿಂದೆ ಯಾರು ಹೋಗ್ತಾರೆ.

ಇದು ಹಾರೋದು ನೆಲದಿಂದ ಒಂದೆರಡು ಅಡಿ ಮೇಲೆ ಅಷ್ಟೇ. ಹೂವಿಗೂ ಬರುತ್ತೆ. ನೀಲಿ ಹೂವಿನ ಉದ್ದ ಕಡ್ಡಿ ಕಾಣ್ತಾ ಇದೆಯಲ್ಲ, ಸ್ಟ್ಯಾಕಿಟಾರ್ಫೆಟಾ, ಹೊರಗಿಂದ ಬಂದು ಬೇಲಿ ತುಂಬಾ ಹಬ್ಬಿರುವ ಗಿಡ. ಗಿಡದ ಬಗ್ಗೆ ಬೈಯಬೇಕು ಅಂತಲೇ ಇದ್ದೆ, ಆದರೆ ಅದರ ಪಕ್ಕ ನಿಂತರೆ ಚಿಟ್ಟೆ ಎಣಿಸಿ ಮುಗಿಯಲ್ಲ, ಇವತ್ತು ಬೈಯಲ್ಲ.

ದೊಡ್ಡ ಚಿಟ್ಟೆಗಳ ಬಗ್ಗೆ ಒಂದು ಮಾತು. ನಮ್ಮ ರಾಜ್ಯ ಚಿಟ್ಟೆ ಇದೆಯಲ್ಲ, ಸದರ್ನ್ ಬರ್ಡ್‌ವಿಂಗ್, 140ರಿಂದ 190 ಮಿಲಿಮೀಟರ್ ಅಗಲ, ಕಪ್ಪು ಹಳದಿ. ಎಲ್ಲಾ ಪೋಸ್ಟರ್‌ನಲ್ಲೂ ಅದೇ, ಎಲ್ಲಾ ಕ್ಯಾಲೆಂಡರ್‌ನಲ್ಲೂ ಅದೇ. ನನಗೆ ಅದು ಬೇಜಾರು. ಕಣ್ಣು ಮುಚ್ಚಿಕೊಂಡರೂ ಕಾಣುವ ಚಿಟ್ಟೆಯಲ್ಲಿ ಹುಡುಕೋದೇನಿದೆ? ಗುರುತಿಸೋಕೆ ಏನು ಕಷ್ಟ ಪಡಬೇಕು? ಸಣ್ಣದನ್ನು ನೋಡಿ, ಅದರಲ್ಲಿ...

ಹಾಂ. ಕ್ಯಾಮೆರಾ ಯಾಕೆ ಹೀಗೆ ಮೇಲೆ ತಿರುಗಿತು ಅಂತ ನಿಮಗೆ ಗೊತ್ತಾಗಿರುತ್ತೆ. ಹೌದು, ಅದೇ ಬಂತು. ಅಡಿಕೆ ಮರದ ತಲೆ ಮೇಲಿಂದ, ನಿಧಾನಕ್ಕೆ. ಹಿಂದಿನ ರೆಕ್ಕೆಯ ಹಳದಿ ನೋಡಿ, ಎದುರು ಬಿಸಿಲಿಗೆ. ನಾನು ಟ್ರೈಪಾಡ್ ಅಲ್ಲೇ ಬಿಟ್ಟು, ಫೋನ್ ಕಿತ್ತುಕೊಂಡು ಓಡಿದ್ದೇನೆ, ಅಗಳು ದಾಟಿದ್ದೇನೆ, ಇಡೀ ತುಣುಕಲ್ಲಿ ನನ್ನ ಉಸಿರಿನ ಸದ್ದೇ ಇದೆ. ಬೇಜಾರು ಅಂದಿದ್ದನ್ನು ವಾಪಸ್ ತಗೊಂಡೆ. ಇಷ್ಟು ಬೇಗ ಮಾತು ಬದಲಾಯಿಸ್ತೀರಾ ಅಂದರೆ, ಹೌದು, ಬದಲಾಯಿಸ್ತೀನಿ. ಸರಿ, ಹೋಯ್ತು ಅದು. ಬಾಬ್ ಹತ್ತಿರ ಹೋಗೋಣ.

ಚಿಟ್ಟೆ ಕಾಣದಿದ್ದರೆ ಅದರ ಮನೆ ಹುಡುಕಬಹುದು. ಚೆಸ್ಟ್‌ನಟ್ ಬಾಬ್‌ನ ಹುಳು ಬಿದಿರು ಮತ್ತು ಕೆಲವು ಹುಲ್ಲಿನ ಎಲೆ ತಿನ್ನುತ್ತೆ. ಎಲೆಯ ಅಂಚನ್ನು ಒಂದು ಕಡೆ ಮಡಚಿ, ರೇಷ್ಮೆ ಎಳೆಯಿಂದ ಹೊಲಿದು, ಒಳಗೆ ಇರುತ್ತೆ. ಈ ಎಲೆ ನೋಡಿ, ತುದಿಗೆ ಅರ್ಧ ತಿಂದಿದೆ, ನಡುವೆ ಕೊಳವೆ. ಬೆಳಕಿಗೆ ಹಿಡಿದರೆ ಅಡ್ಡಡ್ಡ ಬಿಳಿ ಹೊಲಿಗೆ ಕಾಣುತ್ತೆ, ಇಲ್ಲಿ, ಇಲ್ಲಿ, ಮತ್ತೆ ಇಲ್ಲಿ. ನಾನು ಬಿಚ್ಚಲಿಲ್ಲ. ಬಿಚ್ಚಿದರೆ ಪಾಪ ಅದು ಮತ್ತೆ ಮೊದಲಿಂದ ಹೊಲಿಯಬೇಕು.

ಈ ಮಡಚುವ ಬುದ್ಧಿ ಸ್ಕಿಪ್ಪರ್‌ಗಳಿಗೆ ಮಾಮೂಲಿ, ಕೃಷಿಕರಿಗೆ ಚೆನ್ನಾಗಿ ಗೊತ್ತು, ಚಿಟ್ಟೆಯ ಹೆಸರು ಗೊತ್ತಿಲ್ಲದಿದ್ದರೂ. ಶುಂಠಿ, ಅರಿಶಿನದ ಎಲೆ ಸುರುಳಿ ಮಾಡುವ ಹುಳು ಬೆಳೆದರೆ ಗ್ರಾಸ್ ಡೀಮನ್ ಅನ್ನುವ ಸ್ಕಿಪ್ಪರ್ ಆಗುತ್ತೆ. ಬಾಳೆ ಎಲೆ ಸುತ್ತುವ ಹುಳುವೂ ಒಂದು ಸ್ಕಿಪ್ಪರೇ. ತೆಂಗಿನ ಗರಿಯಲ್ಲಿ ಮೈತುಂಬಾ ಬಿಳಿ ಮೇಣದ ಎಳೆ ಹೊದ್ದ ಹುಳು ನೋಡಿದ್ದೀರಾ? ಅದು ಜೈಂಟ್ ರೆಡ್‌ಐ. ಕಣ್ಣು ಕೆಂಪು, ಮುಸ್ಸಂಜೆಗೆ ಹಾರೋದು, 70 ಮಿಲಿಮೀಟರ್ ದಾಟುತ್ತೆ. ಇದನ್ನು ಹೇಳಿದಾಗ ಚಿಕ್ಕಮ್ಮ, "ಅದಾ? ಅದನ್ನ ಎಷ್ಟು ಕೊಂದಿದೀವಿ!" ಅಂದರು. ಏನು ಹೇಳೋದು. ತೆಂಗಿನಕಾಯಿ ಅವರದ್ದು.

ಈಗ ಹೇಳುವುದು ನನಗೆ ಇವತ್ತಿನ ವಿಡಿಯೋದಲ್ಲೇ ಅತಿ ಇಷ್ಟವಾದ ವಿಷಯ, ಊಟ ಮಾಡ್ತಾ ನೋಡುವವರು ಸ್ವಲ್ಪ ನಿಲ್ಲಿಸಿ. ಹೊಲಿದ ಎಲೆಯೊಳಗೇ ಇದ್ದುಕೊಂಡು ಹುಳು ಹಿಕ್ಕೆ ಎಲ್ಲಿ ಹಾಕುತ್ತೆ? ಮನೆಯೊಳಗೆ ಹಾಕಲ್ಲ. ಹೊರಗೆ ಎಸೆಯುತ್ತೆ. ಎಸೆಯೋದು ಅಂದರೆ ಕವಣೆ ಕಲ್ಲು! ಅಮೆರಿಕದ ಮಾರ್ಥಾ ವೈಸ್ ಎಂಬ ವಿಜ್ಞಾನಿ 2003ರಲ್ಲಿ ಅಲ್ಲಿನ ಸಿಲ್ವರ್ ಸ್ಪಾಟೆಡ್ ಸ್ಕಿಪ್ಪರ್ ಬಗ್ಗೆ ಬರೆದಿದ್ದಾರೆ. ಅದರ ಹುಳು ತನ್ನ ಮೈಯುದ್ದದ 38 ಪಟ್ಟು ದೂರಕ್ಕೆ ಹಿಕ್ಕೆ ಹಾರಿಸುತ್ತೆ. ಯಾಕಿರಬಹುದು? ಜಾಗ ಸಾಲದೆಯಾ, ರೋಗ ಬರುತ್ತೆ ಅಂತಲಾ ಅಂತ ನೋಡಿದರೆ, ಮುಖ್ಯ ಕಾರಣ ಕಣಜ. ಬೇಟೆಯಾಡುವ ಕಣಜಗಳು ಹಿಕ್ಕೆಯ ವಾಸನೆ ಹಿಡಿದು ಹುಳು ಇರುವ ಜಾಗ ಪತ್ತೆ ಮಾಡುತ್ತವೆ. ಕೆಲವು ಎಲೆಮನೆಗಳಲ್ಲಿ ಹಿಕ್ಕೆ, ಕೆಲವದರಲ್ಲಿ ಕಪ್ಪು ಗಾಜಿನ ಮಣಿ ಇಟ್ಟು ನೋಡಿದಾಗ ಕಣಜ ಹಿಕ್ಕೆ ಇರುವ ಕಡೆಗೇ ಹೋಯ್ತು. ಕಸವನ್ನು ಮನೆ ಬಾಗಿಲಲ್ಲಿ ಇಟ್ಟುಕೊಳ್ಳಬಾರದು ಅಂತ ಈ ಹುಳುವಿಗೆ ಗೊತ್ತು, ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯವರಿಗೆ ಗೊತ್ತಿಲ್ಲ. ಅವರು ಈ ವಿಡಿಯೋ ನೋಡಲ್ಲ, ಧೈರ್ಯವಾಗಿ ಹೇಳ್ತಿದ್ದೇನೆ.

ಅದೇ ವಿಷಯದಲ್ಲಿ ಇನ್ನೊಂದು ತುಣುಕಿದೆ, ಮುಗಿಸಿಬಿಡೋಣ. ಇದು ಬಾಬ್ ಅಲ್ಲ, ಯಾವುದೋ ಸ್ವಿಫ್ಟ್. ಎಲೆ ಮೇಲೆ ಒಣಗಿದ ಹಕ್ಕಿ ಹಿಕ್ಕೆ. ಒಣಗಿದ್ದನ್ನು ಹೀರೋಕಾಗಲ್ಲ ಅಲ್ವಾ? ಈಗ ಹೊಟ್ಟೆಯ ತುದಿ ನೋಡಿ, ಮುಂದಕ್ಕೆ ಬಾಗಿಸಿತು. ಒಂದು ಹನಿ ಬಿತ್ತು. ಆ ಹನಿಯಲ್ಲಿ ಹಿಕ್ಕೆ ನೆನೆಯಿತು, ಸೊಂಡಿಲು ಅದಕ್ಕೆ ಇಳಿಯಿತು. ಮತ್ತೆ ಹನಿ, ಮತ್ತೆ ಸೊಂಡಿಲು. ಬೇಕಾದ ನೀರು ತನ್ನದೇ. ಹೂವಿನ ಮಕರಂದದಲ್ಲಿ ಸಿಗದ ಉಪ್ಪು, ಸಾರಜನಕ ಅದಕ್ಕೆ ಇಲ್ಲಿ ಸಿಗುತ್ತೆ. ಈ ತುಣುಕಿಗೆ ಅವಲಕ್ಕಿ ಅಡ್ಡ ಬಂದಿಲ್ಲ, ಪುಣ್ಯ. ಲೆನ್ಸಿಗೆ ಕೊಟ್ಟ ದುಡ್ಡು ಇದೊಂದಕ್ಕೇ ವಸೂಲಾಯಿತು ಅನ್ನಿಸಿಬಿಟ್ಟಿತು. ಮಧ್ಯಾಹ್ನ ಮತ್ತೆ ಹಬೆ ಕಟ್ಟಿತು, ವಸೂಲಿ ರದ್ದು.

ಕೊನೆಗೆ ಹೆಣ್ಣು. ಮೇಲಿಂದ ನೋಡಿದರೂ ಇದನ್ನು ಗುರುತಿಸಬಹುದು, ಮುಂದಿನ ರೆಕ್ಕೆಯ ಮೇಲ್ಮೈಯಲ್ಲಿ ಬಿಳಿ ಚುಕ್ಕಿಗಳಿವೆ. ಗಂಡಿಗೆ ಹೀಗೆ ಎದ್ದು ಕಾಣಲ್ಲ. ಕೆಳಮೈ ಎರಡಕ್ಕೂ ಅದೇ ತುಕ್ಕು ಬಣ್ಣ, ಬೆಳ್ಳಿ ಚುಕ್ಕಿ. ಇವಳು ಹೂವಿಗೆ ಹೋಗ್ತಾ ಇಲ್ಲ, ಬಿಸಿಲಿಗೂ ಕೂರ್ತಾ ಇಲ್ಲ. ಬಿದಿರೆಲೆಯಿಂದ ಬಿದಿರೆಲೆಗೆ ಇಳಿಯುತ್ತಾಳೆ, ಕಾಲಲ್ಲಿ ತಟ್ಟುತ್ತಾಳೆ, ಏಳುತ್ತಾಳೆ. ಮೊಟ್ಟೆ ಇಡೋಕೆ ಎಲೆ ಹುಡುಕ್ತಾ ಇರಬೇಕು. ಈ ಎಲೆ ಬೇಡ. ಇದೂ ಬೇಡ. ಇದು... ಇದೂ ಬೇಡವಂತೆ. ಸೀರೆ ಅಂಗಡಿಯಲ್ಲಿ ನಮ್ಮಮ್ಮನೂ ಇಷ್ಟು ನೋಡಲ್ಲ. ಹಿಂಬಾಲಿಸಿ ಹಿಂಬಾಲಿಸಿ ಮೆಳೆಯ ಹಿಂದಕ್ಕೆ ಹೋದೆ, ಅಲ್ಲಿ ಮುಳ್ಳು, ಮುಂದೆ ದಾರಿ ಇಲ್ಲ.

ಯಾವ ಕ್ಯಾಮೆರಾ ಅಂತ ಕೇಳುವವರಿಗೆ: ಫೋನ್, ಅಷ್ಟೇ. ಯಾವ ಲೆನ್ಸು ಅಂತ ಹೇಳಲ್ಲ, ತಗೋಬೇಡಿ. ಫೋನಿನಲ್ಲೇ ಮ್ಯಾಕ್ರೋ ಇದ್ದರೆ ಸಾಕು, ಬಾಬ್ ಹತ್ತಿರ ಬಿಡುತ್ತೆ. ನಿಮ್ಮ ನೆರಳು ಅದರ ಮೇಲೆ ಬೀಳದ ಹಾಗೆ, ತಗ್ಗಿ, ಪಕ್ಕದಿಂದ ಹೋಗಿ. ಎದ್ದು ಹಾರಿದರೆ ಬೆನ್ನಟ್ಟಬೇಡಿ, ಎಲೆಗೇ ಫೋಕಸ್ ಇಟ್ಟು ಕಾಯಿರಿ. ಚಿಕ್ಕಪ್ಪ ಜೀಪ್ ಹಾರ್ನ್ ಹೊಡೀತಾ ಇದ್ದಾರೆ, ತೀರ್ಥಹಳ್ಳಿಗೆ ಬಿಡಬೇಕು, ಬಸ್ಸಿದೆ. ಮುಂದಿನ ವಿಡಿಯೋ ಜೈಂಟ್ ರೆಡ್‌ಐ ಬಗ್ಗೆ, ಚಿಕ್ಕಮ್ಮ ಅಲ್ಲಿವರೆಗೆ ಒಂದನ್ನಾದರೂ ಉಳಿಸಿದ್ದರೆ.